ಸಂಘದ ನೆನಪಿಗೆ ಒಂದು ದಫ್ತರ

(ಮಾದಾಪುರದಲ್ಲಿ ನಡೆದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಪಂಪನ ವಿಷಯವಾಗಿಯೋ ಕುಮಾರವ್ಯಾಸನ ವಿಷಯವಾಗಿಯೋ ಮಾತನಾಡುವುದು ವಾಡಿಕೆ. ಆ ಕೆಲಸಕ್ಕೆ ನನಗಿಂತ ಯೋಗ್ಯರಾದವರು ಈ ಸಭೆಯಲ್ಲಿಯೇ ಹಲವರಿದ್ದಾರೆ. ನಾನಾದರೋ ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತೆ ಮಾಡಿಕೊಂಡಿರುವವನು. ಬೆಳಗಿನಿಂದ ಸಂಜೆಯವರೆಗೆ ನನ್ನ ಕಣ್ಣಿಗೆ ಬೀಳುವುದು ಸಹಿ, ಮೊಹರು, ತಾರೀಖು ಮತ್ತು ಮೊತ್ತ. ಇವು ನಾಲ್ಕೂ ಸರಿಯಿದ್ದರೆ ಸಂತೋಷ, ಒಂದು ತಪ್ಪಿದರೂ ಕಸಿವಿಸಿ. ಕಾರ್ಯದರ್ಶಿಗಳು “ನಿಮಗೆ ತಿಳಿದದ್ದನ್ನೇ ಹೇಳಿ, ಸಾಕು” ಎಂದು ಧೈರ್ಯ ಕೊಟ್ಟದ್ದರಿಂದ, ಸಂಘ ಸಂಸ್ಥೆಗಳ ಆಡಳಿತ ಮತ್ತು ಅವುಗಳ ಕಾಗದಪತ್ರಗಳ ವಿಷಯವಾಗಿ ನಾಲ್ಕು ಮಾತು ಹೇಳಲು ನಿಂತಿದ್ದೇನೆ. ವಿಷಯ ಒಣಗಿದ್ದೆಂದು ತೋರಬಹುದು. ಒಣಗಿದ ಕಟ್ಟಿಗೆಯೇ ಒಲೆಗೆ ಬೇಕಾದದ್ದು ಎಂದು ಭಾವಿಸಿ ತಾವು ಕೇಳಬೇಕಾಗಿ ವಿನಂತಿ.

ನಿದರ್ಶನಕ್ಕಾಗಿ ನಾನು ಮನಶ್ಶಾಸ್ತ್ರಜ್ಞರ ಸಂಘಗಳನ್ನು ಆರಿಸಿಕೊಂಡಿದ್ದೇನೆ. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ಮನುಷ್ಯನ ನೆನಪು ಎಷ್ಟು ನಂಬತಕ್ಕದ್ದು ಎಂಬುದನ್ನು ಪರೀಕ್ಷಿಸಿ ನೋಡಿದವರೇ ಈ ಪಂಡಿತರು. ಕೇಂಬ್ರಿಜ್ಜಿನ ಬಾರ್ಟ್‌ಲೆಟ್ ಎಂಬ ಪ್ರಾಧ್ಯಾಪಕರು ಜನರಿಗೆ ಒಂದು ಅಪರಿಚಿತ ಕಥೆಯನ್ನು ಓದಲು ಕೊಟ್ಟು, ಸ್ವಲ್ಪ ಕಾಲ ಬಿಟ್ಟು, ಅದನ್ನು ನೆನಪಿನಿಂದ ಹೇಳಿಸಿದರು. ಒಬ್ಬೊಬ್ಬರೂ ತಮಗೆ ಒಗ್ಗದ ಭಾಗವನ್ನು ಬಿಟ್ಟು, ತಮಗೆ ಒಪ್ಪುವಂತೆ ಉಳಿದುದನ್ನು ತಿದ್ದಿ ಹೇಳಿದರು. ಸುಳ್ಳು ಹೇಳಬೇಕೆಂಬ ಉದ್ದೇಶ ಅವರಲ್ಲಿ ಯಾರಿಗೂ ಇರಲಿಲ್ಲ. ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ಒಡವೆಯಲ್ಲ, ಪ್ರತಿಸಲವೂ ಹೊಸದಾಗಿ ಕಟ್ಟುವ ಗೋಡೆ ಎಂಬುದನ್ನು ಅವರು 1932ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಹೀಗೆ ನೆನಪಿನ ದೌರ್ಬಲ್ಯವನ್ನು ಬಲ್ಲ ಜನ ತಾವೇ ಸಂಘ ಕಟ್ಟಿದಾಗ ಹೇಗೆ ನಡೆದುಕೊಂಡರು ಎಂಬುದು ತಿಳಿಯತಕ್ಕ ವಿಷಯ.

ಎರಡನೆಯ ಕಾರಣ ನಮ್ಮ ಮನೆಗೆ ಹತ್ತಿರದ್ದು. ನಾವಿರುವ ಈ ಮಾದಾಪುರ ಒಂದು ಕಾಲಕ್ಕೆ ದುರ್ಗಂ ಚೆರುವಿನ ಮಗ್ಗುಲಿನ ಹಳ್ಳಿ. 1998ರಲ್ಲಿ ಸೈಬರ್ ಟವರ್ಸ್ ಎದ್ದ ಮೇಲೆ ಇದರ ಸ್ವರೂಪವೇ ಬೇರೆಯಾಯಿತು. ಕಲಬುರಗಿ, ರಾಯಚೂರು, ಬಳ್ಳಾರಿ, ಬೆಂಗಳೂರುಗಳಿಂದ ಬಂದ ನಮ್ಮ ಹುಡುಗ ಹುಡುಗಿಯರು ಹಗಲು ರಾತ್ರಿಯೆನ್ನದೆ ಇಲ್ಲಿ ದುಡಿಯುತ್ತಾರೆ. ನಿದ್ರೆಗೆಟ್ಟು, ಒಂಟಿತನದಿಂದ ಕುಗ್ಗಿ, ಮನಶ್ಶಾಸ್ತ್ರಜ್ಞರ ಬಾಗಿಲು ತಟ್ಟಬೇಕಾದ ಪ್ರಸಂಗ ಯಾರ ಮನೆಗೂ ಬರಬಹುದು. ಅದರಲ್ಲಿ ಸಂಕೋಚ ಪಡುವಂಥದೇನೂ ಇಲ್ಲ. ಆದರೆ ಬಾಗಿಲ ಮೇಲೆ ಹಲಗೆ ತೂಗುಹಾಕಿದವರೆಲ್ಲ ಬಲ್ಲವರೇ? ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಹೆಸರುಗಳನ್ನು ನೋಂದಾಯಿಸಿ ಪಟ್ಟಿ ಇಡುವ ಏರ್ಪಾಡು 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯಿಂದ ಬಂದಿತು. ರೋಗಿಯು ತನ್ನ ಗುಟ್ಟನ್ನು ಒಬ್ಬರ ಮುಂದೆ ಬಿಚ್ಚಿಡುವಾಗ, ಆ ವ್ಯಕ್ತಿಯ ಹಿಂದೆ ಒಂದು ಪಟ್ಟಿ, ಒಂದು ನಿಯಮಾವಳಿ, ತಪ್ಪಿದರೆ ಕೇಳುವ ಒಂದು ಮಂಡಲಿ ಇರಬೇಕು. ಆದ್ದರಿಂದ ವೃತ್ತಿಪರ ಸಂಘದ ಕಾಗದಪತ್ರ ಕೇವಲ ಅದರ ಸದಸ್ಯರ ಆಸ್ತಿಯಲ್ಲ. ಹೊರಗೆ ನಿಂತಿರುವ ಅಸಹಾಯಕರಿಗೂ ಅದು ಆಧಾರ.

ಕಾಗದವನ್ನು ಕಾಪಾಡುವ ಬುದ್ಧಿ ನಮಗೆ ಪರದೇಶದಿಂದ ಬಂದದ್ದೇನೂ ಅಲ್ಲ. ಇಂದು ನಾವು ‘ಫೈಲು’ ಎನ್ನುವುದಕ್ಕೆ ಕನ್ನಡದಲ್ಲಿ ‘ಕಡತ’ ಎನ್ನುತ್ತೇವಷ್ಟೆ. ಈ ಮಾತಿನ ಹಿಂದೆ ಒಂದು ವಸ್ತುವೇ ಇದೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕವೇ ಕಡತ. ಅಂಗಡಿಯವರೂ ಶಾನುಭೋಗರೂ ಮಠಗಳೂ ಇವುಗಳಲ್ಲಿ ಬರೆದಿಡುತ್ತಿದ್ದರು. ಶೃಂಗೇರಿ ಮಠದ ದಫ್ತರ ಇದಕ್ಕೆ ಒಳ್ಳೆಯ ಉದಾಹರಣೆ. 1791ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಲೂಟಿಮಾಡಿದ ಮೇಲೆ ಟಿಪ್ಪು ಸುಲ್ತಾನನು ಮಠಕ್ಕೆ ಕಳುಹಿಸಿದ ಕನ್ನಡ ಪತ್ರಗಳು, ಮೈಸೂರಿನ ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರಿಗೆ 1916ರಲ್ಲಿ ದೊರೆತವು. ಸುಮಾರು ನೂರಿಪ್ಪತ್ತೈದು ವರ್ಷ ಆ ಪತ್ರಗಳನ್ನು ಹುಳು ತಿನ್ನದಂತೆ ಇಟ್ಟವರ ಹೆಸರು ನಮಗಾರಿಗೂ ಗೊತ್ತಿಲ್ಲ. ಅವರ ಕೆಲಸ ಮಾತ್ರ ಉಳಿಯಿತು. ಟಿಪ್ಪುವಿನ ವಿಷಯವಾಗಿ ಯಾರು ಯಾವ ಅಭಿಪ್ರಾಯವನ್ನಿಟ್ಟುಕೊಂಡಿದ್ದರೂ ಆ ಪತ್ರಗಳನ್ನು ಓದದೆ ಮಾತನಾಡುವಂತಿಲ್ಲ.

ಈಗ ಮನಶ್ಶಾಸ್ತ್ರಕ್ಕೆ ಬರೋಣ. ನಮ್ಮ ನಾಡಿನಲ್ಲಿ ಈ ಶಾಸ್ತ್ರ ಬೇರೂರಿದ್ದು ಮೈಸೂರಿನಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ವಿದ್ವಾಂಸರ ಶಿಷ್ಯರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಹಿಂತಿರುಗಿ ಬಂದು 1924ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದರು. ಇವರ ಹೆಸರು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿರುವುದು ಬೇರೊಂದು ಕಾರಣದಿಂದ. 1935ರಲ್ಲಿ ತಮ್ಮ ಮನೆಯಲ್ಲಿ ಪುಟ್ಟದೊಂದು ಬಾನುಲಿ ಕೇಂದ್ರವನ್ನು ಹೂಡಿ, ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆಲ್ಲ ಹರಡಲು ಕಾರಣರಾದವರು ಅವರೇ.

ಅದೇ ಕಾಲದಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿ ಡಾ. ಎಂ.ವಿ. ಗೋವಿಂದಸ್ವಾಮಿ ಎಂಬ ಇನ್ನೊಬ್ಬರು ದೊಡ್ಡ ವೈದ್ಯರಿದ್ದರು. ಆ ಆಸ್ಪತ್ರೆಯ ನೆಲದ ಮೇಲೆಯೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಆಸ್ಪತ್ರೆಯೂ ಸಂಸ್ಥೆಯೂ 1974ರಲ್ಲಿ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು. ಗೋಪಾಲಸ್ವಾಮಿ, ಗೋವಿಂದಸ್ವಾಮಿ: ಇಬ್ಬರೂ ಎಂ.ವಿ., ಇಬ್ಬರೂ ಮನಸ್ಸಿನ ವಿಷಯದಲ್ಲಿ ದುಡಿದವರು, ಇಬ್ಬರೂ ಮೈಸೂರು ಸಂಸ್ಥಾನದವರು. ಬಾಯಿಮಾತಿನ ಚರಿತ್ರೆಯಲ್ಲಿ ಇವರಿಬ್ಬರೂ ಒಬ್ಬರಾಗಿಬಿಡುವುದು ಎಷ್ಟು ಸುಲಭ! ಒಬ್ಬರ ಕೆಲಸ ಇನ್ನೊಬ್ಬರ ಲೆಕ್ಕಕ್ಕೆ ಜಮೆಯಾಗದಂತೆ ತಡೆಯುವುದು ಕಾಲೇಜಿನ ಹಾಗೂ ಆಸ್ಪತ್ರೆಯ ದಫ್ತರವೇ ಹೊರತು ನಮ್ಮ ಭಕ್ತಿಯಲ್ಲ.

ಸಂಘಗಳ ವಿಷಯ ನೋಡಿದರೆ, ಕಲಕತ್ತೆಯು ಮೊದಲು ಹೆಜ್ಜೆಯಿಟ್ಟಿತು. 1922ರಲ್ಲಿ ಗಿರೀಂದ್ರಶೇಖರ ಬೋಸರು ಪಾರ್ಸೀಬಗಾನ್ ಗಲ್ಲಿಯ ತಮ್ಮ ಮನೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು. ಬಂಗಾಳದ ಅಧ್ಯಾಪಕರೂ ವೈದ್ಯರೂ, ಜೊತೆಗೆ ಕೆಲವರು ಇಂಗ್ಲಿಷ್ ಸೇನಾಧಿಕಾರಿಗಳೂ ಅದರಲ್ಲಿ ಸೇರಿದ್ದರು. ಸಂಘವನ್ನು ಅಂತಾರಾಷ್ಟ್ರೀಯ ಸಂಘಕ್ಕೆ ಸೇರಿಸಿಕೊಳ್ಳಬೇಕೆಂದು ಅವರು ಯೂರೋಪಿಗೆ ಬರೆದರು. ವಿಯೆನ್ನಾದ ಫ್ರಾಯ್ಡರಿಗೂ ಬೋಸರಿಗೂ ಹಲವು ವರ್ಷ ಪತ್ರವ್ಯವಹಾರ ನಡೆಯಿತು. ನಮ್ಮ ದೇಶದ ರೋಗಿಗಳಲ್ಲಿ ತಮಗೆ ಕಂಡದ್ದು ಫ್ರಾಯ್ಡರು ಹೇಳಿದಂತೆಯೇ ಇಲ್ಲ ಎಂದು ಬೋಸರು ವಿನಯದಿಂದಲೇ, ಆದರೆ ಸ್ಪಷ್ಟವಾಗಿ ತಿಳಿಸಿದರು. ಪರಾಧೀನ ದೇಶದ ಒಬ್ಬ ವೈದ್ಯರು ಜಗದ್ವಿಖ್ಯಾತ ಆಚಾರ್ಯರೊಡನೆ ಸರಿಸಮಾನವಾಗಿ ವಾದ ಮಾಡಿದರೆಂಬ ಸಂಗತಿ ನಮಗೆ ಇಂದು ಗೊತ್ತಿರುವುದು ಆ ಪತ್ರಗಳು ಉಳಿದುಬಂದದ್ದರಿಂದ. ಅವು 1964ರಲ್ಲಿ ಪುಸ್ತಕವಾಗಿಯೂ ಅಚ್ಚಾದವು. ಇಲ್ಲಿ ಒಂದು ಸಣ್ಣ ಪಾಠವಿದೆ. ನಾವು ಬಂದ ಪತ್ರವನ್ನು ಜೋಪಾನ ಮಾಡುತ್ತೇವೆ, ಕಳುಹಿಸಿದ ಪತ್ರದ ಪ್ರತಿಯನ್ನು ಇಡುವುದಿಲ್ಲ. ಹಾಗೆ ಮಾಡಿದರೆ ನಮ್ಮ ದಫ್ತರದಲ್ಲಿ ಎದುರಿನವರ ಮಾತು ಮಾತ್ರ ಉಳಿದು, ನಮ್ಮ ಮಾತು ಕಳೆದುಹೋಗುತ್ತದೆ.

ಇದೇ ಕಾಲಕ್ಕೆ ಭಾರತೀಯ ಮನಶ್ಶಾಸ್ತ್ರ ಸಂಘವೂ ಎನ್.ಎನ್. ಸೇನಗುಪ್ತರ ಮುಂದಾಳುತನದಲ್ಲಿ ಕಲಕತ್ತೆಯಲ್ಲಿ ಹುಟ್ಟಿ, 1926ರಿಂದ ತನ್ನದೇ ಪತ್ರಿಕೆಯನ್ನು ಹೊರಡಿಸಿತು. ಮುಂದೆ 1968ರಲ್ಲಿ ಭಾರತೀಯ ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಸಂಘ ಏರ್ಪಟ್ಟಿತು. ಸಂಘದ ಪತ್ರಿಕೆಯೆಂದರೆ ಕೇವಲ ಲೇಖನಗಳ ಸಂಚಯವಲ್ಲ. ಅಧ್ಯಕ್ಷರ ಭಾಷಣ, ವಾರ್ಷಿಕ ವರದಿ, ಚುನಾಯಿತರ ಹೆಸರು ಇವೆಲ್ಲ ಅಚ್ಚಾಗಿ ನೂರಾರು ಕಡೆ ಹಂಚಿಹೋಗುವುದರಿಂದ, ಒಂದು ಕಡೆ ಬೆಂಕಿ ಬಿದ್ದರೂ ಇನ್ನೊಂದು ಕಡೆ ಉಳಿಯುತ್ತವೆ. ನಮ್ಮ ಈ ಸ್ಮರಣ ಸಂಚಿಕೆಯ ಹಿಂಬದಿಯ ಪುಟಗಳಲ್ಲಿ ಅಚ್ಚಾಗುವ ಜಮಾಖರ್ಚು ಮತ್ತು ಸಮಿತಿಯ ಪಟ್ಟಿಯನ್ನು ಓದದೆ ಮಗುಚುವವರು ಈ ಗುಣವನ್ನು ನೆನೆಯಬೇಕು.

ಇನ್ನು ಲಂಡನ್ನಿನ ಕಡೆ ನೋಡೋಣ. 1901ನೆಯ ಅಕ್ಟೋಬರ್ 24ರಂದು ಯೂನಿವರ್ಸಿಟಿ ಕಾಲೇಜಿನ ಒಂದು ಕೋಣೆಯಲ್ಲಿ ಹತ್ತು ಜನ ಸೇರಿ ಮನಶ್ಶಾಸ್ತ್ರ ಸಂಘವನ್ನು ಕಟ್ಟಿದರು. ಅವರಿಗೆ ಎದುರಾದ ಮೊದಲ ಪ್ರಶ್ನೆಯೇ “ಯಾರನ್ನು ಸೇರಿಸಿಕೊಳ್ಳಬೇಕು?” ಎಂಬುದು. ಈ ಶಾಸ್ತ್ರವನ್ನು ಕಲಿಸುವವರು ಅಥವಾ ಇದರಲ್ಲಿ ಬೆಲೆಯುಳ್ಳ ಬರಹ ಪ್ರಕಟಿಸಿದವರು ಮಾತ್ರ ಎಂದು ಮಿತಿ ಹಾಕಿಕೊಂಡರು. 1906ರಲ್ಲಿ ಅದೇ ಹೆಸರಿನ ಇನ್ನೊಂದು ಕೂಟವಿರುವುದು ತಿಳಿದು, ಗೊಂದಲವಾಗಬಾರದೆಂದು ‘ಬ್ರಿಟಿಷ್’ ಎಂಬ ವಿಶೇಷಣವನ್ನು ಸೇರಿಸಿಕೊಂಡರು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಬಾಗಿಲನ್ನು ಅಗಲಮಾಡಿ ಆಸಕ್ತಿಯುಳ್ಳ ಇತರರನ್ನೂ ಬರಮಾಡಿಕೊಂಡು, ವೈದ್ಯ, ಶಿಕ್ಷಣ, ಉದ್ಯೋಗ ಎಂದು ಶಾಖೆಗಳನ್ನು ಮಾಡಿದರು. 1965ರಲ್ಲಿ ರಾಣಿಯ ಸನ್ನದು ದೊರೆಯಿತು. ಹೀಗೆ ಪ್ರತಿಯೊಂದು ಮೆಟ್ಟಿಲೂ ನಡವಳಿಯ ಪುಸ್ತಕದಲ್ಲಿ ನಿಂತಿದೆ. ಮಹಿಳೆಯರಲ್ಲಿ ಮೊದಲಿಗರಾಗಿ ಆ ಸಂಘದ ಅಧ್ಯಕ್ಷೆಯಾದ ಬಿಯಾಟ್ರಿಸ್ ಎಡ್ಜೆಲ್ ಅವರೇ ಮುಂದೆ ಅದರ ಆರಂಭಕಾಲದ ಚರಿತ್ರೆಯನ್ನೂ ಬರೆದರು. ನಮ್ಮ ಸಂಘಗಳಲ್ಲಿಯೂ “ಕನ್ನಡ ಮನೆಮಾತಿನವರು ಮಾತ್ರವೋ, ಕನ್ನಡ ಪ್ರೀತಿಸುವ ತೆಲುಗರೂ ಬರಬಹುದೋ” ಎಂಬ ಪ್ರಶ್ನೆ ಹತ್ತು ವರ್ಷಕ್ಕೊಮ್ಮೆ ಏಳುತ್ತದೆ. ಹಿಂದಿನವರು ಏನು ತೀರ್ಮಾನಿಸಿದರು, ಏಕೆ ತೀರ್ಮಾನಿಸಿದರು ಎಂಬ ಬರವಣಿಗೆ ಇದ್ದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಆದರೆ ಇದೇ ಬ್ರಿಟಿಷ್ ಸಂಘಕ್ಕೆ ಕಾಗದವಿಲ್ಲದ ಸಂಕಟವೂ ಬಂದಿತು. ನಮ್ಮ ಗೋಪಾಲಸ್ವಾಮಿಯವರ ಗುರುಗಳಾದ ಸ್ಪಿಯರ್‌ಮನ್ನರ ಪೀಠಕ್ಕೆ ಅವರ ತರುವಾಯ ಬಂದವರು ಸಿರಿಲ್ ಬರ್ಟ್. ಅವರೂ ಸಂಘದ ಅಧ್ಯಕ್ಷರಾಗಿದ್ದವರು, ‘ಸರ್’ ಪದವಿ ಪಡೆದವರು. ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿ ಮಕ್ಕಳನ್ನು ಪರೀಕ್ಷಿಸಿ, ಬುದ್ಧಿ ಬಹುಮಟ್ಟಿಗೆ ಹುಟ್ಟಿನಿಂದಲೇ ಬರುವುದೆಂದು ಅವರು ಸಾಧಿಸಿದ್ದರು. ಅವರು 1971ರಲ್ಲಿ ತೀರಿಕೊಂಡ ಮೇಲೆ ಅಮೆರಿಕದ ಲಿಯಾನ್ ಕಾಮಿನ್ ಎಂಬುವರು ಅವರ ಅಂಕಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರು. 1955ರಲ್ಲಿ ಅವಳಿ ಜೋಡಿಗಳು 21. ಆಗ ಬಂದ ಹೊಂದಾಣಿಕೆಯ ಅಂಕ 0.771. 1966ರಲ್ಲಿ ಜೋಡಿಗಳು 53; ಆಗಲೂ ಅದೇ 0.771! ಬ್ಯಾಂಕಿನವನಾದ ನನಗೆ ಇದನ್ನು ವಿವರಿಸಬೇಕಾಗಿಲ್ಲ. ಖಾತೆಯಲ್ಲಿ ಮೂವತ್ತಕ್ಕೂ ಮೇಲ್ಪಟ್ಟು ಹೊಸ ನಮೂದುಗಳು ಬಿದ್ದೂ ಬಾಕಿ ಪೈಸೆ ಸಹಿತ ಹಿಂದಿನಷ್ಟೇ ಇದ್ದರೆ, ಯಾವ ತನಿಖೆಯವರಾದರೂ ಕನ್ನಡಕ ಸರಿಮಾಡಿಕೊಂಡು “ಮೂಲ ಚೀಟಿಗಳನ್ನು ತನ್ನಿ” ಎನ್ನುತ್ತಾರೆ.

ಆ ಮೂಲ ಚೀಟಿಗಳೇ ಇರಲಿಲ್ಲ. ಬರ್ಟರು ತೀರಿಕೊಂಡ ಹೊಸತರಲ್ಲೇ ಮನೆಯಲ್ಲಿದ್ದ ಅವರ ಕಾಗದಗಳಲ್ಲಿ ಬಹುಭಾಗವನ್ನು ಸುಡಲಾಗಿತ್ತು. ಉಳಿದಿದ್ದ ದಿನಚರಿಗಳನ್ನೂ ಪತ್ರಗಳನ್ನೂ ನೋಡಿ ಹರ್ನ್‌ಶಾ ಎಂಬುವರು 1979ರಲ್ಲಿ ಅವರ ಜೀವನಚರಿತ್ರೆ ಬರೆದು, ಅಂಕಿಗಳು ಕಲ್ಪಿತವೆಂಬ ನಿರ್ಣಯಕ್ಕೆ ಬಂದರು. ಮರುವರ್ಷ ಸಂಘದ ಆಡಳಿತ ಮಂಡಲಿ ಅದನ್ನು ಒಪ್ಪಿತು. ಅನಂತರ ಬೇರೆಯವರು ಬರ್ಟರ ಪರವಾಗಿ ಗ್ರಂಥಗಳನ್ನು ಬರೆದರು; 1992ರಲ್ಲಿ ಸಂಘವು ಈ ವಿಷಯದಲ್ಲಿ ತನಗೆ ಸಂಘವಾಗಿ ಯಾವ ಅಭಿಪ್ರಾಯವೂ ಇಲ್ಲವೆಂದು ಹಿಂದೆ ಸರಿಯಿತು. ಬರ್ಟರು ತಪ್ಪಿತಸ್ಥರಾಗಿದ್ದರೆ ಸತ್ಯ ಪೂರ್ತಿ ಹೊರಬೀಳಲಿಲ್ಲ. ನಿರಪರಾಧಿಯಾಗಿದ್ದರೆ ಕಳಂಕ ತೊಳೆಯಲಿಲ್ಲ. ಕಾಗದ ಸುಟ್ಟರೆ ಕಳ್ಳನಿಗೂ ಸಾಧುವಿಗೂ ವ್ಯತ್ಯಾಸ ಉಳಿಯುವುದಿಲ್ಲ. ಅವರ ಅಂಕಿಗಳನ್ನು ನಂಬಿ ಬಡ ಮಕ್ಕಳ ವಿದ್ಯೆಯ ವಿಷಯದಲ್ಲಿ ವಾದ ಮಾಡಿದವರು ಎಷ್ಟೋ ಜನ. ಆದುದರಿಂದ ಇದು ಪಂಡಿತರ ಮನೆಯ ಜಗಳವೆಂದು ತಳ್ಳಿಹಾಕುವಂತಿಲ್ಲ.

ಅಮೆರಿಕದ ಸಂಘ ಇನ್ನೂ ಹಳೆಯದು. 1892ರಲ್ಲಿ ಸ್ಟ್ಯಾನ್ಲಿ ಹಾಲ್ ಎಂಬುವರ ಆಹ್ವಾನದ ಮೇರೆಗೆ ಕ್ಲಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿತು. ಅದರ ದಾಖಲೆಗಳನ್ನು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಇರಿಸಿದ್ದಾರೆ. ಇಷ್ಟೇ ಅಲ್ಲದೆ, 1965ರಲ್ಲಿ ಓಹಾಯೋ ಪ್ರಾಂತದ ಆಕ್ರನ್ ವಿಶ್ವವಿದ್ಯಾನಿಲಯದಲ್ಲಿ ಪಾಪಲ್‌ಸ್ಟೋನ್ ಮತ್ತು ಮ್ಯಾಕ್‌ಫರ್ಸನ್ ಎಂಬ ಇಬ್ಬರು ಅಧ್ಯಾಪಕರು ಮನಶ್ಶಾಸ್ತ್ರದ ಚರಿತ್ರೆಗೇ ಮೀಸಲಾದ ಒಂದು ಪತ್ರಾಗಾರವನ್ನು ತೆರೆದರು.

ಈ ಸಂಘದ ಆಡಳಿತದಲ್ಲಿಯೂ ಒಂದು ದೊಡ್ಡ ಪರೀಕ್ಷೆಯ ಕಾಲ ಬಂದಿತು. ಸೆರೆಯಾಳುಗಳ ವಿಚಾರಣೆಯಲ್ಲಿ ಮನಶ್ಶಾಸ್ತ್ರಜ್ಞರು ಭಾಗವಹಿಸಬಹುದೇ ಎಂಬುದನ್ನು ಪರಿಶೀಲಿಸಲು 2005ರಲ್ಲಿ ಒಂದು ಸಮಿತಿಯನ್ನು ಮಾಡಿದರು. ಸಮಿತಿಯಲ್ಲಿ ಬಹುಮತವಿದ್ದದ್ದು ಸೈನ್ಯ ಮತ್ತು ಗುಪ್ತಚಾರ ಇಲಾಖೆಗಳೊಂದಿಗೆ ಸಂಬಂಧವುಳ್ಳವರಿಗೆ. ಭಾಗವಹಿಸುವುದು ನೀತಿಗೆ ವಿರುದ್ಧವಲ್ಲ ಎಂದು ಅದು ಹೇಳಿತು. ಸಮಿತಿಯ ಸದಸ್ಯೆಯಾಗಿದ್ದ ಜೀನ್ ಮರಿಯಾ ಅರಿಗೊ ಎಂಬಾಕೆ ಇದನ್ನು ಒಪ್ಪದೆ, ಒಳಗೆ ನಡೆದ ಪತ್ರವ್ಯವಹಾರವನ್ನು ಬಹಿರಂಗಕ್ಕೆ ತಂದರು. ಹತ್ತು ವರ್ಷ ಕಳೆದ ಮೇಲೆ ಸಂಘವೇ ನೇಮಿಸಿದ ಹಾಫ್‌ಮನ್ ಎಂಬ ವಕೀಲರು ಹಳೆಯ ಮಿಂಚಂಚೆಗಳನ್ನೆಲ್ಲ ಓದಿ, ಸಂಘದ ಕೆಲವರು ಅಧಿಕಾರಿಗಳು ರಕ್ಷಣಾ ಇಲಾಖೆಯವರೊಡನೆ ಒಳಗೊಳಗೇ ಹೊಂದಿಕೊಂಡು ನಿಯಮವನ್ನು ಸಡಿಲವಾಗಿ ಇರಿಸಿದರೆಂದು 2015ರಲ್ಲಿ ವರದಿಯಿತ್ತರು. ವರದಿಯಲ್ಲಿ ಹೆಸರಿಸಲ್ಪಟ್ಟ ಕೆಲವರು ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೂ ಹೋದರೆಂಬುದನ್ನು ಇಲ್ಲಿ ಹೇಳುವುದು ನ್ಯಾಯ. ಅದೇ ವರ್ಷದ ಆಗಸ್ಟಿನಲ್ಲಿ ಪ್ರತಿನಿಧಿಗಳ ಸಭೆ, ರಾಷ್ಟ್ರಭದ್ರತೆಯ ಹೆಸರಿನ ಅಂಥ ವಿಚಾರಣೆಗಳಲ್ಲಿ ಸದಸ್ಯರು ಭಾಗವಹಿಸಕೂಡದೆಂದು ಬಹುತೇಕ ಒಕ್ಕೊರಲಿನಿಂದ ತೀರ್ಮಾನಿಸಿತು. ವಿರುದ್ಧ ಬಿದ್ದದ್ದು ಒಂದೇ ಮತ. ಮುಂದೆ 2021ರ ಅಕ್ಟೋಬರಿನಲ್ಲಿ, ಜನಾಂಗಭೇದಕ್ಕೆ ತನ್ನ ಸಂಘವೂ ಶಾಸ್ತ್ರವೂ ಒತ್ತಾಸೆಯಾಗಿದ್ದುದಕ್ಕೆ ಅದು ಬಹಿರಂಗವಾಗಿ ಕ್ಷಮೆ ಕೇಳಿತು. ಆ ಕ್ಷಮಾಪಣೆಗೆ ಆಧಾರವಾದ ಚರಿತ್ರೆಯನ್ನು ಸಿದ್ಧಪಡಿಸಿಕೊಟ್ಟವರು ಅದೇ ಆಕ್ರನ್ನಿನ ಪತ್ರಾಗಾರದವರು. ತನ್ನ ವಿರುದ್ಧ ಸಾಕ್ಷಿ ಹೇಳುವ ಕಾಗದವನ್ನೂ ಜೋಪಾನವಾಗಿ ಇಟ್ಟ ಸಂಘಕ್ಕೆ ಮಾತ್ರ ತಿದ್ದಿಕೊಳ್ಳುವ ಯೋಗ್ಯತೆ ಇರುತ್ತದೆ.

ಹಾಗೆಂದು ಎಲ್ಲವನ್ನೂ ಎಲ್ಲರಿಗೂ ತೋರಿಸಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಹಳೆಯ ದಾಖಲೆಗಳನ್ನು ಆಧರಿಸಿ ಅಲ್ಲಿನ ವೈದ್ಯರೇ ಚರಿತ್ರೆ ಬರೆದಿದ್ದಾರೆ. ಅದರಿಂದ ಹಿಂದಿನ ಕಾಲದಲ್ಲಿ ರೋಗಿಗಳನ್ನು ಹೇಗೆ ನೋಡಿಕೊಳ್ಳುತ್ತಿದ್ದರೆಂಬುದು ತಿಳಿಯುತ್ತದೆ. ಆದರೆ ಇಂದಿನ ರೋಗಿಯ ಹೆಸರು ಬೀದಿಗೆ ಬರುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಗೆ ತನ್ನ ಗುಟ್ಟನ್ನು ಕಾಪಾಡಿಕೊಳ್ಳುವ ಹಕ್ಕನ್ನೂ, ತನ್ನ ದಾಖಲೆಯನ್ನು ತಾನು ನೋಡುವ ಹಕ್ಕನ್ನೂ ಕೊಟ್ಟಿದೆ. ಇಡುವುದು ಒಂದು ಧರ್ಮ, ಮುಚ್ಚಿಡುವುದು ಇನ್ನೊಂದು ಧರ್ಮ. ಯಾವುದನ್ನು ಎಷ್ಟು ಕಾಲ, ಯಾರಿಂದ ಎಂಬುದನ್ನು ಮೊದಲೇ ಬರೆದಿಟ್ಟರೆ ಎರಡೂ ಸಾಧ್ಯ.

ಇನ್ನು ಗಲ್ಲಾದ ಈಚೆಗೆ ಕುಳಿತು ನಾನು ಕಂಡದ್ದೊಂದನ್ನು ಹೇಳುತ್ತೇನೆ. ಊರಿನ ಹೆಸರನ್ನಾಗಲಿ ಸಂಘದ ಹೆಸರನ್ನಾಗಲಿ ಹೇಳುವುದು ನನ್ನ ಕೆಲಸದ ಧರ್ಮಕ್ಕೆ ಒಪ್ಪುವುದಲ್ಲ. ಅದು ನಮ್ಮಂತೆಯೇ ಪರಊರಿಗೆ ಬಂದು ನೆಲಸಿದವರ ಒಂದು ಸಂಘ. ಸದಸ್ಯರ ಮನೆಯಲ್ಲಿ ಸಾವು ನೋವು ಸಂಭವಿಸಿದರೆ, ದೇಹವನ್ನು ಹುಟ್ಟೂರಿಗೆ ಒಯ್ಯಲು ನೆರವಾಗಲೆಂದು ಒಂದು ಸಂಕಷ್ಟ ನಿಧಿಯನ್ನು ಕೂಡಿಸಿದ್ದರು. ಒಂದು ಮಧ್ಯಾಹ್ನ ಹೊಸ ಖಜಾಂಚಿಗಳು ಚೆಕ್ಕು ಹಿಡಿದು ಬಂದರು. ಹಣ ಆ ಹೊತ್ತಿಗೇ ಬೇಕಾಗಿತ್ತು. ಆದರೆ ಖಾತೆಯಲ್ಲಿ ಸಹಿಯಿದ್ದದ್ದು ಹಳೆಯ ಪದಾಧಿಕಾರಿಗಳದು. ಒಬ್ಬರು ಪರದೇಶಕ್ಕೆ ಹೋಗಿದ್ದರು, ಇನ್ನೊಬ್ಬರು ತೀರಿಕೊಂಡಿದ್ದರು. “ಹೊಸಬರನ್ನು ಆರಿಸಿದ ನಡವಳಿಯ ಪ್ರತಿ ಕೊಡಿ” ಎಂದರೆ, “ಎಲ್ಲರೂ ಚಪ್ಪಾಳೆ ತಟ್ಟಿ ಆರಿಸಿದರು ಸ್ವಾಮೀ, ಬರೆದುಕೊಂಡವರಿಲ್ಲ” ಎಂದರು. ಮನುಷ್ಯರು ಸಜ್ಜನರು, ಹಣವೂ ಅವರದೇ. ಆದರೂ ಬ್ಯಾಂಕು ಕೊಡುವಂತಿರಲಿಲ್ಲ, ಕೊಡಲಿಲ್ಲ. ಆ ಸಂಜೆ ಸಂಘದವರು ತಮ್ಮ ತಮ್ಮ ಜೇಬಿನಿಂದ ಕೂಡಿಸಿ ಆ ಮನೆಯವರನ್ನು ಊರಿಗೆ ಕಳುಹಿಸಿದರು. ನಿಧಿ ಮಾತ್ರ ಬ್ಯಾಂಕಿನಲ್ಲಿಯೇ ಉಳಿಯಿತು. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ, 2014ರ ಯೋಜನೆಯ ಮೇರೆಗೆ, ರಿಜರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಆಮೇಲೂ ಹಕ್ಕುಳ್ಳವರು ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು. ಆದರೆ ಹಕ್ಕನ್ನು ತೋರಿಸಲು ಮತ್ತೆ ಅದೇ ಕಾಗದ ಬೇಕು!

“ನಾವೆಲ್ಲ ಒಂದೇ ಮನೆಯವರಿದ್ದ ಹಾಗೆ, ನಮ್ಮಲ್ಲಿ ಕಾಗದವೇಕೆ?” ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದುಂಟು. ಅವರ ಮಾತಿನಲ್ಲಿ ಪ್ರೀತಿ ಇದೆ. ಆದರೆ ರಸೀದಿ ಕೇಳುವುದು ಅಪನಂಬಿಕೆಯಲ್ಲ. ಪ್ರಾಮಾಣಿಕ ಖಜಾಂಚಿಗೆ ರಸೀದಿ ಪುಸ್ತಕವೇ ಕವಚ. ಲೆಕ್ಕವಿಲ್ಲದ ಕಡೆ ಗಾಳಿಮಾತು ಮೊದಲು ಹಿಡಿಯುವುದು ಒಳ್ಳೆಯವನನ್ನೇ.

ಕಾನೂನೂ ಇದನ್ನೇ ಹೇಳುತ್ತದೆ. 1860ರಷ್ಟು ಹಿಂದೆಯೇ ಬಂದ ಸಂಘಗಳ ನೋಂದಣಿ ಕಾಯಿದೆ ಏಳು ಜನ ಸೇರಿದರೆ ಸಂಘವಾಗಬಹುದು ಎಂದಿತು. ವರ್ಷಕ್ಕೊಮ್ಮೆ ಆಡಳಿತ ಮಂಡಲಿಯ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಕೊಡಬೇಕೆಂದಿತು. ಉದ್ದೇಶವನ್ನು ಬದಲಾಯಿಸಬೇಕಾದರೆ ಐದರಲ್ಲಿ ಮೂರು ಪಾಲಿನ ಮತವನ್ನು ಎರಡು ಸಭೆಗಳಲ್ಲಿ ಪಡೆಯಬೇಕೆಂದಿತು. ಸಂಘ ಮುಚ್ಚಿದರೆ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳಕೂಡದೆಂದಿತು. ನಾವಿರುವ ಈ ರಾಜ್ಯದಲ್ಲಿ 2001ರ ಕಾಯಿದೆ ನಡೆಯುತ್ತಿದ್ದರೂ ಅದರ ಒಳದನಿ ಇದೇ.

ಆದ್ದರಿಂದ ನಮ್ಮ ಸಂಘದ ಸರ್ವಸದಸ್ಯರ ಸಭೆಯ ಮುಂದಿಡಲು ಕೆಲವು ಸಲಹೆಗಳನ್ನು ನಿವೇದಿಸುತ್ತೇನೆ. ಒಂದು, ಸಭೆ ಮುಗಿದ ಏಳು ದಿನದೊಳಗೆ ನಡವಳಿ ಬರೆದು, ಪುಟಕ್ಕೆ ಸಂಖ್ಯೆ ಹಾಕಿ, ಮುಂದಿನ ಸಭೆಯಲ್ಲಿ ಓದಿ, ಅಧ್ಯಕ್ಷರ ಸಹಿ ಪಡೆಯಬೇಕು. ಒಪ್ಪದವರ ಭಿನ್ನಾಭಿಪ್ರಾಯವನ್ನೂ ಅವರ ಮಾತಿನಲ್ಲಿಯೇ ಬರೆಯಬೇಕು. ಎರಡು, ಸಂಘದ ಮಿಂಚಂಚೆಯೂ ದೂರವಾಣಿಯೂ ಸಂಘದ ಹೆಸರಿನಲ್ಲಿರಬೇಕು, ಕಾರ್ಯದರ್ಶಿಗಳ ಸ್ವಂತ ಹೆಸರಿನಲ್ಲಲ್ಲ. ವಾಟ್ಸಾಪಿನಲ್ಲಿ ಚರ್ಚೆ ಮಾಡೋಣ, ತೀರ್ಮಾನ ಮಾತ್ರ ಪುಸ್ತಕಕ್ಕೆ ಬರಲಿ. ಮೂರು, ಪದಾಧಿಕಾರಿಗಳು ಬದಲಾದ ದಿನ, ಕೀಲಿಕೈಯಿಂದ ಹಿಡಿದು ಕಡತದವರೆಗೆ ಪಟ್ಟಿ ಮಾಡಿ, ಕೊಟ್ಟವರೂ ಕೊಂಡವರೂ ಸಹಿ ಹಾಕಬೇಕು. ಅದೇ ವಾರ ಬ್ಯಾಂಕಿನ ಸಹಿಯೂ ಬದಲಾಗಬೇಕು. ನಾಲ್ಕು, ಮುಖ್ಯ ಕಾಗದಗಳ ಪ್ರತಿ ಎರಡು ಬೇರೆ ಬೇರೆ ಸ್ಥಳಗಳಲ್ಲಿರಬೇಕು. ಐದು, ನೆರವು ಪಡೆದವರ ಹೆಸರು ಮುಚ್ಚಿದ ಕಡತದಲ್ಲಿರಲಿ. ಮೊತ್ತ ಮಾತ್ರ ಬಹಿರಂಗವಾಗಲಿ. ಆರು, ಪ್ರತಿ ಭಾವಚಿತ್ರದ ಬೆನ್ನ ಮೇಲೆ ಹೆಸರು, ಊರು, ತಾರೀಖನ್ನು ಪೆನ್ಸಿಲಿನಿಂದ ಬರೆಯೋಣ. ಈ ಕೆಲಸಕ್ಕೆ ತಿಂಗಳಿಗೆ ಒಂದು ಭಾನುವಾರದ ಬೆಳಗು ಸಾಕು. ನಾನೂ ಬಂದು ಕೂರಲು ಸಿದ್ಧನಿದ್ದೇನೆ.

ಇದು ನಮಗೆ, ಹೈದರಾಬಾದಿನ ಕನ್ನಡಿಗರಿಗೆ, ಉಳಿದವರಿಗಿಂತ ಹೆಚ್ಚು ಅವಶ್ಯ. ಬೀದರ, ಕಲಬುರಗಿ, ರಾಯಚೂರುಗಳು 1956ನೆಯ ನವೆಂಬರ್ 1ರವರೆಗೆ ಈ ಊರಿನ ಆಡಳಿತಕ್ಕೇ ಸೇರಿದ್ದವು. ಆ ಕಾಲದ ಫಾರ್ಸಿ, ಉರ್ದು ದಾಖಲೆಗಳು ತಾರ್ನಾಕದ ರಾಜ್ಯ ಪತ್ರಾಗಾರದಲ್ಲಿವೆ. ನಮ್ಮ ಜಿಲ್ಲೆಗಳ ಹಿಂದಿನ ಸಂಗತಿಯನ್ನು ಹುಡುಕುವವರು ಇಂದಿಗೂ ಅಲ್ಲಿಗೆ ಹೋಗಬೇಕು. ಸರ್ಕಾರದ ದಫ್ತರದಲ್ಲಿ ಜಮೀನು, ತೆರಿಗೆ, ಹುಕುಂ ಸಿಗುತ್ತವೆ. ಆದರೆ ಈ ಊರಿನಲ್ಲಿ ಕನ್ನಡ ನಾಟಕವನ್ನು ಮೊದಲು ಆಡಿಸಿದವರು ಯಾರು, ಮಕ್ಕಳಿಗೆ ಭಾನುವಾರ ಅಕ್ಷರ ಕಲಿಸಿದ ತಾಯಂದಿರು ಯಾರು, ಯಾರ ಮನೆಯ ಅಕ್ಕಿಯಿಂದ ಹಬ್ಬದೂಟ ನಡೆಯಿತು ಎಂಬುದು ಅಲ್ಲಿ ಸಿಗುವುದಿಲ್ಲ. ಅದು ಸಿಕ್ಕರೆ ನಮ್ಮ ಸಂಘದ ಪುಸ್ತಕದಲ್ಲಿ ಸಿಗಬೇಕು; ಅಲ್ಲಿಯೂ ಇಲ್ಲದಿದ್ದರೆ ಎಲ್ಲಿಯೂ ಇಲ್ಲ. ಇಲ್ಲಿ ಹುಟ್ಟಿ, ತೆಲುಗನ್ನೂ ಹಿಂದಿಯನ್ನೂ ನಮಗಿಂತ ಚೆನ್ನಾಗಿ ಆಡುವ ನಮ್ಮ ಮಕ್ಕಳು ನಾಳೆ “ನೀವು ಇಲ್ಲಿ ಹೇಗೆ ಬಾಳಿದಿರಿ?” ಎಂದು ಕೇಳಿದಾಗ, ಸಹಿಯಿರುವ, ತಾರೀಖಿರುವ, ಕನ್ನಡದಲ್ಲಿ ಬರೆದ ಒಂದು ಪುಟವನ್ನು ನಾವು ಅವರ ಕೈಗೆ ಕೊಡುವಂತಾಗಲಿ.

 ಸಿರಿಗನ್ನಡಂ ಗೆಲ್ಗೆ.